ಉಲ್ಟಾ ಕತ್ತಿಯ ಬಿಲ್ಲೆ

ಮದುವೆಯಾಗಿ ರಾಜಾಜಿನಗರದ ಮನೆಗೆ ಬಂದ ನಾಲ್ಕನೆಯ ದಿನ ನನ್ನ ಮಾವನವರು ನನ್ನ ಕೈಗೆ ಒಂದು ಬ್ಲೇಡು ಕೊಟ್ಟರು. ಸೊಸೆಗೆ ಸೀರೆ ಕೊಟ್ಟ ಮಾವಂದಿರನ್ನು ಕಂಡಿದ್ದೇನೆ, ಬೆಂಡೋಲೆ ಕೊಟ್ಟವರ ಬಗ್ಗೆ ಕೇಳಿದ್ದೇನೆ. ಬ್ಲೇಡು ಕೊಟ್ಟವರು ಇವರೊಬ್ಬರೇ ಇರಬೇಕು. ಅರ್ಧಕ್ಕೆ ಮುರಿದು, ಹಿಡಿಯುವ ಕಡೆ ಬಟ್ಟೆ ಸುತ್ತಿದ್ದ ಬ್ಲೇಡು. "ಹೊಲಿಗಿ ಬಿಚ್ಚಬೇಕು, ಬಟ್ಟಿ ಹರೀಬಾರದು. ಇಷ್ಟ ನೋಡವಾ ವಿದ್ಯಾ," ಎಂದು ಹೇಳಿ ಒಂದು ಮೂಟೆ ಖಾಕಿ ಕೋಟುಗಳನ್ನು ನನ್ನ ಮುಂದೆ ಸುರಿದರು. ನಾನು ರಾಣೇಬೆನ್ನೂರಿನ ಕಡೆಯವಳು. ಎಂಟನೇ ಇಯತ್ತೆ ಓದಿದವಳು ಎಂಬ ಜಂಬ ಬೇರೆ ಇತ್ತು. ಮೂಗಿನ ತುದಿಗೆ ಸಿಟ್ಟು ಬಂದರೂ ಹೊಸ ಸೊಸೆಯಾದ್ದರಿಂದ ನುಂಗಿಕೊಂಡು ಕುಳಿತೆ.

ಮಾವ ದರ್ಜಿ. ಹುಬ್ಬಳ್ಳಿ ಬಿಟ್ಟು ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಬೆಂಗಳೂರಿಗೆ ಬಂದು, ಯುದ್ಧ ನಡೆಯುವಷ್ಟು ಕಾಲ ದಂಡಿನ ಸಿಪಾಯಿಗಳ ಬಟ್ಟೆ ಹೊಲಿದವರು. ಆಮೇಲೆ ರಾಜಾಜಿನಗರದಲ್ಲಿ ಕಾರ್ಖಾನೆಗಳು ಏಳತೊಡಗಿದಾಗ, ಮನೆಗಳಿಗಿಂತ ಸೈಟಿನ ಗುರುತುಕಲ್ಲುಗಳೇ ಹೆಚ್ಚಾಗಿದ್ದ ಆ ಬಯಲಿಗೆ ಬಂದು, ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ನು ಇಟ್ಟುಕೊಂಡಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡ ಬೆಳಿಗ್ಗೆ ಕಾರ್ಖಾನೆಗೆ ಹೋದರೆ ಸಂಜೆ ಸೈರನ್ ಕೂಗುವವರೆಗೆ ಮನೆಯಲ್ಲಿ ನಾನು, ಮಾವ, ಮಷಿನ್ನಿನ ಸದ್ದು.

ಯುದ್ಧ ಮುಗಿದು ಹತ್ತು ವರ್ಷ ಆಗುತ್ತ ಬಂದರೂ ಬೆಂಗಳೂರಿನಲ್ಲಿ ದಂಡಿನ ಹಳೇ ಬಟ್ಟೆ ಮುಗಿದಿರಲಿಲ್ಲ. ಹರಾಜಿನಲ್ಲಿ ಹೋದ ಕೋಟು, ಅಂಗಿ, ಪ್ಯಾಂಟುಗಳು ಕೈಯಿಂದ ಕೈಗೆ ಬದಲಾಗುತ್ತ ಕೊನೆಗೆ ನಮ್ಮಂಥವರ ಮನೆಗೆ ಗಾಡಿಯಲ್ಲಿ ಬರುತ್ತಿದ್ದವು. ಅವನ್ನು ಬಿಚ್ಚಿ, ಒಗೆಸಿ, ಒಳಮೈ ಹೊರಗೆ ಮಾಡಿ ಮಾವ ಕಾರ್ಖಾನೆಯವರಿಗೆ ಪ್ಯಾಂಟು, ಸ್ಕೂಲಿನ ಮಕ್ಕಳಿಗೆ ಚಡ್ಡಿ ಹೊಲಿಯುತ್ತಿದ್ದರು. ಬರ್ಮಾ ಕಾಡಿನಲ್ಲಿ ಯಾರೋ ಬೆವರಿದ ಬಟ್ಟೆಯನ್ನು ಹಾಕಿಕೊಂಡು ನಮ್ಮ ಬೀದಿಯ ಹುಡುಗರು ಮಗ್ಗಿ ಹೇಳುತ್ತಿದ್ದರು.

ಆ ಕೋಟುಗಳ ತೋಳಿನ ಮೇಲೆ, ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ, ಒಂದೊಂದರಲ್ಲಿ ಅಂಗೈಗಿಂತ ಚಿಕ್ಕದಾದ ಬಣ್ಣದ ಬಟ್ಟೆಯ ತುಂಡು ಹೊಲಿದಿರುತ್ತಿತ್ತು. ಅದರ ಮೇಲೆ ಒಂದು ಚಿತ್ರ. ಹೆಚ್ಚಿನ ಕೋಟುಗಳಲ್ಲಿ ಅದನ್ನು ಮೊದಲೇ ಕಿತ್ತಿರುತ್ತಿದ್ದರು. ಬಿಸಿಲು ತಾಗದ ಗಾಢ ಖಾಕಿಯ ಚೌಕ ಮಾತ್ರ ಉಳಿದಿರುತ್ತಿತ್ತು. ಕೀಳಲು ಮರೆತದ್ದು ನನ್ನ ಪಾಲಿಗೆ. ಮಾವ ಅದನ್ನು ಬಿಲ್ಲೆ ಎನ್ನುತ್ತಿದ್ದರು. ಜವಾನರ ಎದೆಯ ಹಿತ್ತಾಳೆ ಬಿಲ್ಲೆಯ ಹಾಗೆ ಇದು ಬಟ್ಟೆಯ ಬಿಲ್ಲೆ, ಯಾವ ಸೈನ್ಯದವನು ಎಂದು ತೋರಿಸುವ ಗುರುತು. ನನಗೆ ಮೊದಲು ಸಿಕ್ಕಿದ್ದು ಹಳದಿ ಬಟ್ಟೆಯ ಮೇಲೆ ಕರಿಬೆಕ್ಕು. ಬಾಲ ಎತ್ತಿಕೊಂಡು ನಿಂತಿತ್ತು. ಬೆಕ್ಕನ್ನು ತೋಳಿಗೆ ಕಟ್ಟಿಕೊಂಡು ಯುದ್ಧಕ್ಕೆ ಹೋಗುವವರೂ ಇರುತ್ತಾರೆಯೇ ಎಂದು ಒಬ್ಬಳೇ ನಕ್ಕು, ಅದನ್ನು ಬಿಸಾಡದೆ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಅಲ್ಲಿಂದ ಶುರುವಾದ ಚಟ.

ಆಮೇಲೆ ಕೋಟು ಬಿಚ್ಚುವ ಕೆಲಸದ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಹೊಸ ಮೂಟೆ ಬಂದರೆ ಸಾಕು, ಅನ್ನ ಬಸಿಯುವುದನ್ನೂ ಬಿಟ್ಟು ಓಡುತ್ತಿದ್ದೆ. ಕೆಂಪು ಹುಂಜ ಸಿಕ್ಕಿತು. ಕರಿಯ ಮೇಲೆ ಕೆಂಪು ಉಂಡೆ ಸಿಕ್ಕಿತು. ಹದ್ದು, ಬಾಣ, ಹುಲಿ ಸಿಕ್ಕವು. ಯಾವುದು ಯಾರದು ಎಂದು ಹೇಳುವವರು ಬೇಕಿತ್ತು. ಎದುರಿನ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗಿದ್ದ ನಿವೃತ್ತ ಹವಾಲ್ದಾರರು ಮಾವನ ಹತ್ತಿರ ಅಂಗಿ ಹೊಲಿಸಲು ಬಂದಾಗ ನಾನು ಡಬ್ಬಿ ತೆರೆದು ಅವರ ಮುಂದಿಟ್ಟೆ. ಆ ಮನುಷ್ಯ ಅಲ್ಲೇ ಕುಳಿತುಬಿಟ್ಟರು. ಆಮೇಲೆ ಒಂದೊಂದನ್ನೇ ತೊಡೆಯ ಮೇಲೆ ಹರಡಿಕೊಂಡರು.

"ನೋಡಮ್ಮಾ, ಈ ಬೆಕ್ಕಿನೋರು ಬರ್ಮಾದಿಂದ ಹಿಂದಕ್ಕೆ ನಡ್ಕೊಂಡೇ ಬಂದ್ರು. ಆಮೇಲೆ ಮತ್ತೆ ಮುಂದಕ್ಕೆ ಹೋದ್ರು. ಈ ಕೆಂಪು ಉಂಡೆ ಇದ್ಯಲ್ಲ, ಇವ್ರು ಮರಳುಗಾಡನ್ನೂ ನೋಡಿದ್ರು, ಕಾಡನ್ನೂ ನೋಡಿದ್ರು," ಎಂದರು.

ವಾರಕ್ಕೊಮ್ಮೆ ಅವರ ಪಾಠ. ಬಿಲ್ಲೆಯನ್ನು ಮುಂದಿನಿಂದ ನೋಡುವುದು ಹುಡುಗಾಟ, ಹಿಂದಿನಿಂದ ನೋಡಬೇಕು ಎಂದು ಕಲಿಸಿದವರು ಅವರೇ. ಪರದೇಶದಿಂದ ಬಂದದ್ದಾದರೆ ಹಿಂಬದಿಯ ದಾರ ಸಾಲಾಗಿ ಕೂತಿರುತ್ತದೆ. ಇಲ್ಲಿ ಪೇಟೆಯ ದರ್ಜಿ ಮಾಡಿದ್ದಾದರೆ ಚಿತ್ರವನ್ನು ಕತ್ತರಿಸಿ ಅಂಟಿಸಿದ ಹಾಗೆ ಹೊಲಿದಿರುತ್ತಾನೆ, ಹಿಂದೆ ಕೈಗೆ ಸಿಕ್ಕಿದ ಚಿಂದಿಯ ಅಸ್ತರಿ ಕೊಟ್ಟಿರುತ್ತಾನೆ. ಬಿಲ್ಲೆ ಕಳೆದುಕೊಂಡ ಸಿಪಾಯಿ ಪೆರೇಡಿಗೆ ಮುಂಚೆ ಓಡಿಬಂದು ಹೊಲಿಸಿಕೊಳ್ಳುತ್ತಿದ್ದನಂತೆ. ಮಾವನೇ ಅಂಥವು ನೂರಾರು ಮಾಡಿದ್ದರು. ಆದರೆ ಅವರಿಗೆ ಅದರಲ್ಲಿ ಏನೇನೂ ಆಸಕ್ತಿ ಇರಲಿಲ್ಲ. "ಕಾಜಾ ಹೊಲಿಯೂದ ಬಿಟ್ಟು ಚಿಂದಿ ಆರಸ್ತಾಳ," ಎಂದು ಹವಾಲ್ದಾರರ ಮುಂದೆ ನನ್ನನ್ನು ಛೇಡಿಸುತ್ತಿದ್ದರು. ನಾನು ಬಿಲ್ಲೆಗಳನ್ನು ಒಂದು ಹಳೆಯ ಸೀರೆಯ ತುಂಡಿಗೆ ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ ಹಾಕಿ ಕೂರಿಸಿ, ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆದಿಟ್ಟೆ. ಎರಡು ವರ್ಷದಲ್ಲಿ ಆ ಸೀರೆ ಅರ್ಧ ತುಂಬಿತ್ತು. ಹವಾಲ್ದಾರರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಅಹಂಕಾರ ಪೂರ್ತಿ ತುಂಬಿತ್ತು.

ಆ ಸೀರೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಬಿಲ್ಲೆ ಕರಿಯ ಬಟ್ಟೆಯ ಮೇಲೆ ಬಿಳಿಯ ಮುಷ್ಟಿ, ಮುಷ್ಟಿಯಲ್ಲಿ ಬಾಗಿದ ಕತ್ತಿ. ಬರ್ಮಾದಲ್ಲಿ ಹೋರಾಡಿದವರದು. ಎಷ್ಟು ಮೂಟೆ ಬಿಚ್ಚಿದರೂ ಅದು ಒಂದೇ ಒಂದು ಸಿಕ್ಕಿತ್ತು.

ನಮ್ಮ ಮನೆಗೆ ಹಾಲು ಹಾಕುತ್ತಿದ್ದವಳು ಮೂಡಲಪಾಳ್ಯದ ಒಕ್ಕಲು ಮನೆಯ ಹೆಂಗಸು. ಆಗ ಅವಳಿಗೆ ಮೂವತ್ತೆರಡು ಮೂವತ್ತಮೂರು ಇರಬಹುದು. ಬೆಳಿಗ್ಗೆ ಹೊಲಗಳ ನಡುವೆ ನಡೆದು, ಮಾಗಡಿ ರಸ್ತೆ ದಾಟಿ, ತಲೆಯ ಮೇಲೆ ಹಾಲಿನ ತಂಬಿಗೆಗಳ ಬುಟ್ಟಿ ಹೊತ್ತು ಬರುತ್ತಿದ್ದಳು. ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ. ನನಗೆ ಆ ಊರಿನಲ್ಲಿ ಸಿಕ್ಕಿದ ಮೊದಲ ಗೆಳತಿ ಅವಳು. ಅವಳು ಹಾಲಿಗೆ ನೀರು ಹಾಕುತ್ತಾಳೆಂದು ನಾನು, ನನ್ನ ಮಾತು ಅವಳಿಗೆ ಅರ್ಥವಾಗುವುದಿಲ್ಲವೆಂದು ಅವಳು, ದಿನಾ ಜಗಳ ಆಡಿ ಆಡಿ ಹತ್ತಿರವಾದೆವು. ಗಂಡ ಏನು ಮಾಡುತ್ತಾನೆ ಎಂದು ಒಮ್ಮೆ ಕೇಳಿದ್ದಕ್ಕೆ "ದಂಡಿನಾಗವ್ರೆ" ಎಂದಿದ್ದಳು. ನಾನು ಮುಂದಕ್ಕೆ ಕೇಳಿರಲಿಲ್ಲ.

ಒಂದು ಬೆಳಿಗ್ಗೆ ನಾನು ಸೀರೆಯನ್ನು ಜಗಲಿಯ ಬಿಸಿಲಿಗೆ ಹರಡಿದ್ದೆ. ಅವಳು ಬುಟ್ಟಿ ಇಳಿಸಿದವಳು ಹಾಗೆಯೇ ನಿಂತುಬಿಟ್ಟಳು. ಮುಷ್ಟಿಯ ಬಿಲ್ಲೆಯ ಮೇಲೆ ಬೆರಳಿಟ್ಟು, "ಇದು ನಿಮ್ತಾವ ಎಂಗ್ ಬಂತವ್ವಾ?" ಎಂದಳು. ಕೋಟಿನಿಂದ ಬಿಚ್ಚಿದ್ದೆಂದು ಹೇಳಿದೆ. ಆಗ ಅವಳು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಒಳಗಿನ ಅರೆಯಿಂದ ಒಂದು ಬಿಲ್ಲೆ ತೆಗೆದು ನನ್ನ ಕೈಯಲ್ಲಿಟ್ಟಳು. ಅದೇ ಕರಿಯ ಬಟ್ಟೆ, ಅದೇ ಬಿಳಿಯ ಮುಷ್ಟಿ. ಆದರೆ ಕತ್ತಿ ಉಲ್ಟಾ. ನನ್ನದರಲ್ಲಿ ಬಾಗು ಒಂದು ಕಡೆಗಿದ್ದರೆ ಅವಳದರಲ್ಲಿ ಇನ್ನೊಂದು ಕಡೆಗೆ, ಕನ್ನಡಿಯಲ್ಲಿ ನೋಡಿದ ಹಾಗೆ.

ಅಲ್ಲೇ ಜಗಲಿಯ ಮೇಲೆ ಕುಳಿತು ಅವಳು ಹೇಳಿದಳು. ಗಂಡ ಯುದ್ಧಕ್ಕೆ ಸೇರಿದಾಗ ಮದುವೆಯಾಗಿ ಎರಡು ವರ್ಷ. ಒಂದು ಸಲ ರಜಕ್ಕೆ ಬಂದು ಹೋದ. ಆಮೇಲೆ ಕಾಗದ ನಿಂತವು. ಕಾಣೆಯಾಗಿದ್ದಾನೆ ಎಂದು ಸರ್ಕಾರದಿಂದ ಒಂದು ಚೀಟಿ ಬಂತು. ಯುದ್ಧ ಮುಗಿದ ಮಾರನೇ ವರ್ಷ, ಅವನ ಜೊತೆಗಿದ್ದವನೊಬ್ಬ ಮನೆ ಹುಡುಕಿಕೊಂಡು ಬಂದ. ಕೋಲಾರದ ಕಡೆಯವನಂತೆ. "ಅವ್ರಿಗೆ ಗಾಯ ಆಗಿತ್ತು, ಆಸ್ಪತ್ರೇಲಿ ಬಿಟ್ಟು ಬಂದೆ, ಬತ್ತಾರೆ, ಗುರ್ತಿಗೆ ಅಂತ ತೋಳಿಂದು ಬಿಚ್ಚಿ ಕೊಟ್ರು" ಎಂದು ಈ ಬಿಲ್ಲೆ ಕೊಟ್ಟು, ನೀರೂ ಕುಡಿಯದೆ ಹೊರಟುಹೋದನಂತೆ. ಅಷ್ಟೇ. ಆಮೇಲೆ ಅವನೂ ಇಲ್ಲ, ಇವನೂ ಇಲ್ಲ.

"ಈ ಕಿತ ಮಾಳಯ ಅಮಾಸೆಗೆ ಎಡೆ ಇಡ್ಬೇಕು ಅಂತ ನಮ್ಮ ಬಾವ ಕುಂತವ್ರೆ. ಅನ್ನೆಲ್ಡು ವರ್ಸ ಆಯ್ತಲ್ಲ," ಎಂದಳು.

ಎಡೆ ಎಂದರೆ ಏನೆಂದು ನನಗೆ ಸರಿಯಾಗಿ ಗೊತ್ತಿರಲಿಲ್ಲ. ನಮ್ಮ ಲಿಂಗವಂತರ ಮನೆಗಳಲ್ಲಿ ಹಾಗಿಲ್ಲ. ಅವಳು ಬಿಡಿಸಿ ಹೇಳಿದಳು. ಪಿತೃಪಕ್ಷದ ಕೊನೆಯ ಅಮಾವಾಸ್ಯೆಗೆ ಸತ್ತ ಹಿರಿಯರು ಮನೆಗೆ ಬರುತ್ತಾರೆ. ಕಳಶವಿಟ್ಟು, ಹೊಸ ಬಟ್ಟೆ ಇಟ್ಟು, ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಎಲೆ ತುಂಬ ಬಡಿಸಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುತ್ತಾರೆ. ಕಾಣೆಯಾದವನಿಗೆ ಹನ್ನೆರಡು ವರ್ಷ ಕಾದು, ಬಾರದಿದ್ದರೆ ಎಡೆ ಇಡಬೇಕು. ಆ ವರ್ಷ ಅವರ ಮನೆಯಲ್ಲಿ ಎರಡು ಎಮ್ಮೆ ಸತ್ತಿದ್ದವು. ಹೊಟ್ಟೆಗಿಲ್ಲದ ಹಿರೀಕ ಅಲೆಯುತ್ತಿದ್ದಾನೆ ಎಂದು ಭಾವನಿಗೆ ಯಾರೋ ಹೇಳಿದ್ದರು. ಆದರೆ ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಸ್ಸು ತೆಗೆದ ಹಾಗೆ. ಅಷ್ಟೇ ಅಲ್ಲ, ಎಡೆ ಇಟ್ಟ ದಿನ ಇವಳ ಬಳೆ, ಕುಂಕುಮ, ತಾಳಿ ಎಲ್ಲ ಹೋಗುತ್ತದೆ.

"ನೀವು ಇಂಥವ್ನೆಲ್ಲ ಓದ್ಕೊಂಡಿರೋರು. ಇದ್ನ ನೋಡಿ ಏನಾರ ಯೋಳೀರಾ?" ಎಂದಳು.

ಈಗ ನನ್ನ ಬುದ್ಧಿಯ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ. ಅವಳು ಬದುಕು ಕೇಳುತ್ತಿದ್ದಾಗ ನಾನು ಬಿಲ್ಲೆ ನೋಡುತ್ತಿದ್ದೆ. ಉಲ್ಟಾ ಕತ್ತಿ ಯಾರ ಹತ್ತಿರವೂ ಇರಲಾರದು, ಇದು ನನ್ನ ಸೀರೆಯಲ್ಲಿ ಇದ್ದರೆ ಎಷ್ಟು ಚೆನ್ನ ಎಂಬುದೊಂದೇ ತಲೆಯಲ್ಲಿ. ಸಂಜೆ ಹವಾಲ್ದಾರರಿಗೆ ವರ್ಣಿಸಿದೆ. "ಉಲ್ಟಾನಾ? ನಾನಂತೂ ನೋಡಿಲ್ಲಮ್ಮಾ," ಎಂದರು. ಅವರು ಅಷ್ಟಕ್ಕೇ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ಇಡೀ ರಾತ್ರಿ ಯೋಚಿಸಿ ನನ್ನದೇ ಒಂದು ಸಿದ್ಧಾಂತ ಮಾಡಿದೆ. ದೊಡ್ಡ ಸೈನ್ಯದಿಂದ ಆರಿಸಿದ ಕೆಲವರನ್ನು ಗುಟ್ಟಿನ ಕೆಲಸಕ್ಕೆ ಕಳಿಸಿರಬೇಕು, ಅವರಿಗೆ ಗುರುತು ಸಿಗಲೆಂದು ಕತ್ತಿಯನ್ನು ತಿರುಗಿಸಿರಬೇಕು, ಗುಟ್ಟಿನ ಕೆಲಸದವರು ಕಾಗದ ಬರೆಯುವಂತಿಲ್ಲ. ಬೆಳಿಗ್ಗೆ ಅವಳು ಬಂದ ಕೂಡಲೇ ಇದನ್ನೆಲ್ಲ ಕಣ್ಣಾರೆ ಕಂಡವಳ ಹಾಗೆ ಹೇಳಿದೆ.

ಅವಳ ಮುಖ ಅರಳಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದು ಅಳತೆ ಮಾಡದೆ ತಂಬಿಗೆಯಲ್ಲಿದ್ದ ಹಾಲನ್ನೆಲ್ಲ ನಮ್ಮ ಪಾತ್ರೆಗೆ ಸುರಿದಳು. ರಾಜಾಜಿನಗರದಲ್ಲಿ ಓದಿದವರು ಹೇಳಿದ್ದಾರೆ ಎಂದು ಭಾವನ ಹತ್ತಿರ ಮೊದಲ ಸಲ ಗಟ್ಟಿಯಾಗಿ ಮಾತಾಡಿದಳಂತೆ. ಎಡೆ ಇಡಬೇಕೋ ಬೇಡವೋ ಎಂದು ಅವರ ಮನೆಯಲ್ಲಿ ವಾದ ಶುರುವಾಯಿತು. ಅಮಾವಾಸ್ಯೆಗೆ ಇನ್ನೂ ಒಂದು ತಿಂಗಳಿತ್ತು.

ನಾನು ಅವಳನ್ನು ಬಿಡಲಿಲ್ಲ. ಆ ಬಿಲ್ಲೆಯ ಹಿಂಬದಿ ನೋಡಲೇಬೇಕಿತ್ತು. ಯಾರೋ ಕರಿಯ ಬಟ್ಟೆಯ ಅಂಚನ್ನು ಹಿಂದಕ್ಕೆ ಪೂರ್ತಿ ಮಡಚಿ, ಒಳಗಿನ ಅಸ್ತರಿ ಕಾಣದ ಹಾಗೆ ಹೊಲಿದಿದ್ದರು. "ಅಂಚು ಬಿಟ್ಕೊಂಡೈತಿ, ಹೊಲಿದು ಕೊಡ್ತೀನಿ ತಾ ಅಕ್ಕಾ" ಎಂದು ನಾಲ್ಕು ದಿನ ಗೋಗರೆದೆ. ಐದನೆಯ ದಿನ ಕೊಟ್ಟಳು, ಆದರೆ ಮನೆಗೆ ಹೋಗದೆ ಎದುರಿಗೇ ಕುಳಿತಳು. ಮಾವ ಒಳಗೆ ಕತ್ತರಿ ಆಡಿಸುತ್ತಿದ್ದರು. ನಾನು ಬ್ಲೇಡಿನ ತುದಿಯಿಂದ ಹಿಂದಿನ ಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚಿದೆ. ಮಡಿಕೆ ತೆರೆದುಕೊಂಡಿತು. ಒಳಗೆ ಹಸಿರು ಖಣ.

ಖಣ ಎಂದರೆ ನಮ್ಮ ಕಡೆ ಕುಪ್ಪಸಕ್ಕೆ ಬಳಸುವ ನೇಯ್ಗೆ ಬಟ್ಟೆ. ಇದು ಹಸಿರು ಒಡಲಿನದು, ಸಣ್ಣ ಹಳದಿ ಹೂವಿನ ಬುಟ್ಟಾದ್ದು. ನನಗೆ ಅದು ಚೆನ್ನಾಗಿ ಗೊತ್ತು. ನಾನು ದಿನಾ ರಾತ್ರಿ ತಲೆಯಿಡುತ್ತಿದ್ದ ದಿಂಬಿನ ಚೀಲ ಅದೇ ಖಣದ್ದು. ನನ್ನ ನಾದಿನಿಯ ಮದುವೆಯ ಖಣ. ಯುದ್ಧದ ಕಾಲದಲ್ಲಿ ಬಟ್ಟೆ ಕಂಟ್ರೋಲು, ಖಣವಿಲ್ಲದೆ ಮದುವೆ ಹೇಗೆ ಮಾಡುವುದೆಂದು ಅತ್ತೆ ಹಠ ಹಿಡಿದು ಯುದ್ಧ ಮುಗಿಯುವವರೆಗೆ ಮಗಳ ಮದುವೆಯನ್ನೇ ಮುಂದೆ ಹಾಕಿದ್ದರು. ಆ ಕಥೆಯನ್ನು ನಾನು ಆ ಮನೆಯಲ್ಲಿ ನೂರು ಸಲ ಕೇಳಿದ್ದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ಉಸಿರು ತಡೆದಿದ್ದರೆ ಸಾಕಿತ್ತು. ಆದರೆ ಗುರುತು ಹಿಡಿದ ಖುಷಿ ನನ್ನದು. "ಮಾವಾ, ಇಲ್ಲಿ ನೋಡ್ರಿ, ಇದು ನೀವ ಹೊಲಿದದ್ದು. ನಾದಿನೀ ಮದಿವಿ ಖಣ ಐತಿ ಇದರಾಗ. ಯುದ್ಧ ಮುಗದ ಮ್ಯಾಲೆ ಹೊಲಿದದ್ದು," ಎಂದು ಕೂಗಿಯೇಬಿಟ್ಟೆ.

ಕೂಗಿದ ಮೇಲೆ ಎದುರಿಗೆ ಕುಳಿತವಳನ್ನು ನೋಡಿದೆ. ನನ್ನ ಮಾತು ಅರ್ಥವಾಗುವುದಿಲ್ಲ ಎಂದು ದಿನಾ ದೂರುತ್ತಿದ್ದವಳಿಗೆ ಅಂದು ಒಂದೊಂದು ಅಕ್ಷರವೂ ಅರ್ಥವಾಗಿತ್ತು. ಯುದ್ಧ ನಡೆಯುವಾಗ ತೋಳಿನಿಂದ ಬಿಚ್ಚಿ ಕೊಟ್ಟದ್ದು ಯುದ್ಧ ಮುಗಿದ ಮೇಲೆ ಬೆಂಗಳೂರಿನಲ್ಲಿ ಹೇಗೆ ಹೊಲಿದದ್ದಾಗುತ್ತದೆ?

ಮಾವ ಹೊರಗೆ ಬಂದರು. ಕನ್ನಡಕ ಏರಿಸಿ ಬಿಲ್ಲೆಯನ್ನು ನೋಡಿದರು. ಅವರಿಗೆ ಹಿಂದಿನ ಕಥೆ ಏನೂ ಗೊತ್ತಿರಲಿಲ್ಲ. "ಹೌದವಾ, ನಂದ. ಕತ್ತಿ ಉಲ್ಟಾ ಆಗೈತಿ ನೋಡು," ಎಂದು ನಕ್ಕರು ಕೂಡ. ಅವಳು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು ಕೇಳಿದಳು.

"ಯಜಮಾನ್ರೇ, ಇದ್ನ ಒಲಿಸ್ಕೊಂಡೋರು ಯಾರು? ಗ್ಯಾನ ಐತಾ?"

"ಇಲ್ದೇನವಾ. ಎಲ್ಲಾರೂ ನಿಶಾನಿ ಕಿತ್ತು ಒಗೆಯೂ ಕಾಲದಾಗ ಅವನೊಬ್ಬಾಂವ ಹೊಸಾದ ಹೊಲಿಸಾಕ ಬಂದಿದ್ದ. ಒಂದ ಬೇಕು ಅಂದ. ನಮೂನಿ ಇರಲಿಲ್ಲ ಅವನ ಕಡೆ. ಎದುರಿಗಿ ನಿಂತು ಮುಷ್ಟಿ ಹಿಡದು ತೋರಿಸಿದಾ, ಹಿಂಗ ಅಂತ. ನಾ ನನಗ ಕಂಡಂಗ ಕತ್ತರಿಸಿದ್ನಿ, ಅದಕ್ಕ ಉಲ್ಟಾ ಆತು. ತನಗಲ್ಲ ಅಂದ. ಜೋಡಿದಾರಂದು, ಅವನ ಹೇಣ್ತಿಗೆ ಒಯ್ಯಬೇಕು ಅಂದ."

ಅಷ್ಟು ಹೇಳಿದ ಮೇಲೆ ಮಾವನಿಗೆ ಅವಳ ಮುಖ ಕಂಡಿತು. ಅವರು ಮಾತು ನಿಲ್ಲಿಸಿದರು. ನಾನು ನೆಲ ನೋಡುತ್ತಿದ್ದೆ.

"ಯೋಳಿ ಯಜಮಾನ್ರೇ. ಇನ್ನೇನ್ ಅಂದ?"

ಮಾವ ಸುಳ್ಳು ಹೇಳಬಲ್ಲವರಲ್ಲ. ನಾಳೆ ಕೊಡುತ್ತೇನೆ ಎಂಬ ದರ್ಜಿಯ ಸುಳ್ಳೊಂದನ್ನು ಬಿಟ್ಟರೆ ಬೇರೆ ಸುಳ್ಳು ಅವರ ಬಾಯಲ್ಲಿ ನಾನು ಕೇಳಿಲ್ಲ. ಕತ್ತರಿಯನ್ನು ಜಗಲಿಯ ಮೇಲಿಟ್ಟು ಕುಳಿತರು. ದನಿ ತಗ್ಗಿಸಿ ಹೇಳಿದರು: "ನನ್ನ ಕೈಲೇ ಮಣ್ಣ ಮಾಡಿ ಬಂದೆ, ಮನಿಯವ್ರಿಗೆ ಹೇಳಬೇಕು, ಬರಿಗೈಲೆ ಹ್ಯಾಂಗ ಹೋಗ್ಲಿ ಅಂದಾ ತಂಗೀ. ನಾ ರೊಕ್ಕಾ ತಗೊಳ್ಳಲಿಲ್ಲ."

ಅವನು ಸತ್ಯ ಹೇಳಲೆಂದೇ ಹೊರಟಿದ್ದ. ಮೂಡಲಪಾಳ್ಯದ ಆ ಮನೆಯ ಅಂಗಳದಲ್ಲಿ, ಇಪ್ಪತ್ತೆರಡು ದಾಟಿರದ, ಹಣೆ ತುಂಬ ಕುಂಕುಮ ಇಟ್ಟುಕೊಂಡ ಹುಡುಗಿ ಎದುರಿಗೆ ಬಂದು ನಿಂತಾಗ ಅವನಿಗೆ ಬಾಯಿ ಬರಲಿಲ್ಲ. ಅವನನ್ನು ನಾನು ಬಯ್ಯಲಾರೆ. ಅವನಿಗೆ ಹತ್ತು ವರ್ಷದ ಹಿಂದೆ ಕಂಡದ್ದು ನನಗೆ ಅಂದು ಕಂಡಿತು. ಅವನು ಹೆದರಿ ಸುಳ್ಳು ಹೇಳಿದ್ದ. ನಾನು ಮೊದಲು ಜಂಬಕ್ಕೆ ಸುಳ್ಳು ಹೇಳಿದೆ, ಆಮೇಲೆ ಜಂಬಕ್ಕೇ ಸತ್ಯ ಹೇಳಿದೆ. ಯಾವುದು ಹೆಚ್ಚು ಪಾಪ ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಅವಳು ಅಳಲಿಲ್ಲ. ಬುಟ್ಟಿ ಎತ್ತಿಕೊಂಡಳು. ಬಿಲ್ಲೆಯನ್ನು ತೆಗೆದುಕೋ ಎಂದು ನಾನು ಕೈ ಚಾಚಿದೆ. "ನಿಮ್ಮಂಗಡೀದೇ ಅಲ್ವ್ರಾ, ನಿಮ್ತಾವೇ ಇರ್ಲಿ," ಎಂದಳು. ಕೊಂಕು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಅಷ್ಟು ದಿನದಿಂದ ಆಸೆಪಟ್ಟ ಬಿಲ್ಲೆ ನನ್ನ ಕೈಯಲ್ಲಿ ಉಳಿಯಿತು. ಅಂದು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಮಾವನೂ ಮಷಿನ್ನು ತುಳಿಯಲಿಲ್ಲ.

ಮಾರನೆಯ ದಿನ ಅವಳು ಎಂದಿನ ಹೊತ್ತಿಗೇ ಹಾಲು ತಂದಳು. ಅದರ ಮಾರನೆಯ ದಿನವೂ ತಂದಳು. ಕುಂಕುಮ ಇತ್ತು, ಬಳೆ ಇತ್ತು. ನಾನು ಮಾತಾಡಿಸಲು ಹೆದರುತ್ತಿದ್ದೆ. ಜಗಳಕ್ಕಾದರೂ ಎಳೆಯೋಣ ಎಂದು ಹಾಲು ನೀರಾಗಿದೆ ಎಂದೆ. "ಊಂ ಕಣವ್ವ" ಎಂದು ಒಪ್ಪಿಕೊಂಡು ಹೋದಳು. ಆ ಒಪ್ಪಿಗೆ ಕೇಳಿ ಒಳಗೆ ಹೋಗಿ ಅತ್ತುಬಿಟ್ಟೆ.

ಅಮಾವಾಸ್ಯೆಗೆ ಎಂಟು ದಿನ ಇದ್ದಾಗ ಅವಳು ಹಾಲು ಕೊಟ್ಟ ಮೇಲೆ ಹೋಗಲಿಲ್ಲ. ಮಾವನ ಮಷಿನ್ನಿನ ಹತ್ತಿರ ಬಂದು, ಬುಟ್ಟಿಯಿಂದ ಬಿಳಿಯ ಪಾಪ್ಲಿನ್ ಬಟ್ಟೆ ತೆಗೆದಳು. ಹೊಸದು, ಗಂಜಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಒಂದು ಅಂಗಿ ಒಲ್ಕೊಡಿ ಯಜಮಾನ್ರೇ. ಎಡೆಗೆ ಇಡಾಕೆ."

ಮಾವ ಬಟ್ಟೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡರು. ಪಂಚೆ, ಸೀರೆ ಇಟ್ಟರೂ ಎಡೆಗೆ ನಡೆಯುತ್ತದೆ, ಹೊಲಿದ ಅಂಗಿಯೇ ಆಗಬೇಕೆಂದಿಲ್ಲ ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಅವಳಿಗೆ ಅಂಗಿಯೇ ಬೇಕಿತ್ತು. ಮಾವ ಟೇಪು ಕೈಗೆ ತೆಗೆದುಕೊಂಡು, ಸುಮ್ಮನೆ ಹಿಡಿದು ನಿಂತರು. ನಲವತ್ತು ವರ್ಷದ ದರ್ಜಿತನದಲ್ಲಿ ಅವರಿಗೆ ಅಂಥ ಗಿರಾಕಿ ಬಂದಿರಲಿಲ್ಲ. ಕೊನೆಗೆ, "ಅಳತಿ ಹ್ಯಾಂಗವಾ ತಂಗೀ?" ಎಂದರು.

ಅವಳು ಬುಟ್ಟಿಯನ್ನು ಬದಿಗೆ ಸರಿಸಿದಳು. ಆಮೇಲೆ ಗೋಡೆಗೆ ಮುಖ ಮಾಡಿ ನಿಂತು, ತನ್ನ ಹಣೆಯ ಮಟ್ಟಕ್ಕೆ ಗೋಡೆಯ ಮೇಲೆ ಕೈಯಿಟ್ಟಳು. "ಬುಜ ಇಲ್ಲಿಗೆ ಬರೋದು," ಎಂದಳು. ಎರಡು ಅಂಗೈಗಳನ್ನು ಅಗಲಿಸಿ ಗೋಡೆಯ ಮೇಲೆ ಊರಿ, ಸ್ವಲ್ಪ ಹತ್ತಿರ ಮಾಡಿ, ಮತ್ತೆ ಸ್ವಲ್ಪ ದೂರ ಮಾಡಿ, "ಇಷ್ಟು ಅಗಲ," ಎಂದಳು. ಮಾವ ಅವಳನ್ನು ಮುಟ್ಟದೆ, ಗೋಡೆಯ ಮೇಲೆ ಆ ಎರಡು ಕೈಗಳ ನಡುವೆ ಟೇಪು ಹಿಡಿದರು. ತೋಳಿನ ಉದ್ದಕ್ಕೆ ತನ್ನ ತೋಳನ್ನೇ ಚಾಚಿ, ಮಣಿಕಟ್ಟಿನಿಂದ ಇನ್ನೂ ಎರಡು ಬೆರಳು ಮುಂದೆ ತೋರಿಸಿದಳು. ಕೊರಳಿನ ಸುತ್ತಳತೆಗೆ ಬಂದಾಗ ಎರಡು ಕೈಗಳ ಬೆರಳು ಸೇರಿಸಿ ಗಾಳಿಯಲ್ಲಿ ಒಂದು ಸುತ್ತು ಮಾಡಿದಳು. ಆ ಸುತ್ತು ಬಿಡದೆ ಹಾಗೆಯೇ ಹಿಡಿದು ನಿಂತಳು. ಅವಳು ಅವನ ಜೊತೆ ಬಾಳಿದ್ದೇ ಎರಡು ವರ್ಷ. ಹದಿನಾಲ್ಕು ವರ್ಷದ ಹಿಂದಿನ ಅಳತೆ. ಅವಳ ಕೈ ಎಲ್ಲಿಯೂ ತಡವರಿಸಲಿಲ್ಲ.

ಮಾವ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕನ್ನಡಕ ಮಂಜಾಗಿ, ಎರಡು ಸಲ ತೆಗೆದು ಒರೆಸಿಕೊಂಡರು.

ಅಂಗಿ ಮೂರು ದಿನಕ್ಕೆ ಮುಗಿಯಿತು. ಗುಂಡಿಯ ಕಾಜಾಗಳನ್ನು ನಾನು ಹೊಲಿದೆ. ಅಷ್ಟು ಚೊಕ್ಕಟವಾಗಿ ನಾನು ಆಮೇಲೆ ನನ್ನ ಮಕ್ಕಳ ಬಟ್ಟೆಗೂ ಹೊಲಿದಿಲ್ಲ. ಹೊಲಿಯುತ್ತ ಹೊಲಿಯುತ್ತ ನನಗೆ ಮಾಡಬೇಕಾದದ್ದು ಏನೆಂದು ಹೊಳೆಯಿತು. ಬ್ಲೇಡು ತೆಗೆದುಕೊಂಡು ನನ್ನ ಸೀರೆಯಿಂದ ಮುಷ್ಟಿಯ ಬಿಲ್ಲೆಯನ್ನು ಬಿಚ್ಚಿದೆ. ಉಲ್ಟಾ ಇದ್ದದ್ದಲ್ಲ, ನನ್ನ ಹತ್ತಿರ ಒಂದೇ ಒಂದಿದ್ದ, ನಿಜವಾಗಿ ಯುದ್ಧಕ್ಕೆ ಹೋಗಿ ಬಂದದ್ದು. ಒಗೆದು, ಇಸ್ತ್ರಿ ಮಾಡಿ, ಸೂಜಿಗೆ ಕರಿಯ ದಾರ ಪೋಣಿಸಿ ಸಿದ್ಧವಾಗಿಟ್ಟುಕೊಂಡೆ. ತಪ್ಪಿಗೆ ಇಷ್ಟಾದರೂ ಕೊಟ್ಟೆನಲ್ಲ ಎಂದು ಸಮಾಧಾನವಾಗಿತ್ತು. ಅಲ್ಲೂ ನನ್ನ ಜಂಬ ಪೂರ್ತಿ ಹೋಗಿರಲಿಲ್ಲ, ಈಗ ಅನ್ನಿಸುತ್ತದೆ.

ಅವಳು ಬಂದಳು. ಅಂಗಿಯನ್ನು ಬಿಡಿಸಿ, ಎರಡು ಭುಜ ಹಿಡಿದು ಮುಂದಕ್ಕೆತ್ತಿ, ತಲೆಯೆತ್ತಿ ನೋಡಿದಳು. ಅಳತೆ ಸರಿಯಿದೆ ಎಂದು ತಲೆದೂಗಿದಳು. ನಾನು ಬಿಲ್ಲೆಯನ್ನು ಅಂಗಿಯ ತೋಳಿನ ಮೇಲಿಟ್ಟು, "ಅಕ್ಕಾ, ಇದು ಖರೇದ್ದು. ಇದನ್ನ ಹಚ್ಚಿ ಕೊಡ್ತೀನಿ," ಎಂದೆ.

ಅವಳು ಬಿಲ್ಲೆಯನ್ನು ಮೆಲ್ಲಗೆ ಎತ್ತಿ, ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿದಳು.

"ಬ್ಯಾಡ ಕಣವ್ವ," ಎಂದಳು. "ಮನೆಗ್ ಬತ್ತಾವ್ರೆ. ಇನ್ನ ಇದ್ಯಾಕೆ."

ಅಂಗಿಯನ್ನು ಮಡಚಿ, ಬುಟ್ಟಿಯಲ್ಲಿ ಖಾಲಿ ತಂಬಿಗೆಗಳ ಮೇಲಿಟ್ಟುಕೊಂಡು ಅವಳು ಹೊಲದ ದಾರಿ ಹಿಡಿದ ಮೇಲೂ ನಾನು ಬಹಳ ಹೊತ್ತು ಜಗಲಿಯ ಮೇಲೆ ನಿಂತಿದ್ದೆ.